ಗೊಂಬೆಗೆ ನಾಲಿಗೆ ಇರಲಿಲ್ಲ

ಮೊದಲ ಕೆಲವು ತಿಂಗಳು ನಾನು ಹಲ್ಲು ಕೆರೆದದ್ದು ಗೊಂಬೆಗೆ. ಕಬ್ಬಿಣದ ಕಂಬಿಗೆ ಸಿಕ್ಕಿಸಿದ ತಲೆ, ರಬ್ಬರಿನ ಕೆನ್ನೆ, ಒಳಗೆ ಪ್ಲಾಸ್ಟಿಕ್ ಹಲ್ಲು. ಡೆಂಟಲ್ ಕಾಲೇಜಿನವರು ಫ್ಯಾಂಟಮ್ ಹೆಡ್ ಅನ್ನುತ್ತಾರೆ, ನಮ್ಮ ಬ್ಯಾಚಿನವರು ಅದಕ್ಕೆ ರಾಮಣ್ಣ ಅಂತ ಹೆಸರಿಟ್ಟಿದ್ದೆವು. ರಾಮಣ್ಣನ ಹಲ್ಲಿನ ಬುಡಕ್ಕೆ ನೇಲ್ ಪಾಲಿಶ್ ಹಚ್ಚಿ, ಒಣಗಿಸಿ, ಅದನ್ನೇ ಹಲ್ಲಿಗೆ ಕಟ್ಟುವ ಗಾರೆ ಅಂದುಕೊಂಡು ಕೆರೆಯಬೇಕು. ಹಾಸ್ಟೆಲ್ಲಿನಲ್ಲಿ ಯಾರಿಗೂ ಬೇಡವಾದ ಬಣ್ಣಗಳೆಲ್ಲ ಅವನ ಬಾಯಿಗೆ ಹೋದವು. ಎರಡು ತಿಂಗಳಲ್ಲಿ ಅವನ ಬಾಯಿ ಗೀರಿಲ್ಲದೆ ಸ್ವಚ್ಛ ಮಾಡುತ್ತಿದ್ದೆ, ಕೈ ಪಳಗಿತು ಅಂತ ಬೀಗಿಯೂ ಇದ್ದೆ.

ರಾಮಣ್ಣನಿಗೆ ಜೊಲ್ಲು ಇಲ್ಲ, ರಕ್ತ ಬರುವುದಿಲ್ಲ, ಓಕರಿಕೆ ಇಲ್ಲ. ಮುಖ್ಯವಾಗಿ ನಾಲಿಗೆ ಇಲ್ಲ. ಬದುಕಿರುವ ಮನುಷ್ಯನ ನಾಲಿಗೆ ಸುಮ್ಮನಿರುವ ಪದಾರ್ಥವಲ್ಲ, ಬಾಯಿಯೊಳಗೆ ಏನು ಹೋದರೂ ಅದು ಬಂದು ಮುಟ್ಟಿ ನೋಡಲೇಬೇಕು. ಅದನ್ನು ಬಾಯೊಳಗೆ ನೋಡುವ ಪುಟ್ಟ ಕನ್ನಡಿಯ ಬೆನ್ನಿನಿಂದ ಪಕ್ಕಕ್ಕೆ ಸರಿಸಿ ಹಿಡಿಯುವುದು ಎಡಗೈ ಕೆಲಸ. ನನ್ನ ಬಲಗೈಗೆ ತರಬೇತಿ ಆಗಿತ್ತು, ಎಡಗೈಗೆ ಏನೂ ಬರುತ್ತಿರಲಿಲ್ಲ.

ನಾನು ಓದಿದ್ದು ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ, ಎರಡು ವರ್ಷದ್ದು. ಊರಲ್ಲಿ ಇದನ್ನು ಬಿಡಿಸಿ ಹೇಳುವುದೇ ಒಂದು ಪರೀಕ್ಷೆ. ಅಪ್ಪ ಎಲ್ಲರಿಗೂ "ಮಗಳು ಹಲ್ಲಿನ ಡಾಕ್ಟ್ರಿಕಿ ಓದ್ತಾಳೆ" ಅಂತಿದ್ದರು, ನಾನು ಅಲ್ಲ ಅಂತಿದ್ದೆ, "ಹಂಗಾದ್ರೆ ನರ್ಸಾ?" ಅಂತ ಕೇಳುತ್ತಿದ್ದರು, ಅದೂ ಅಲ್ಲ ಅಂತಿದ್ದೆ. 1948ರ ದಂತವೈದ್ಯರ ಕಾಯ್ದೆ ನಾವು ಯಾರು ಅಂತ ಹೇಳಿದ್ದು ಚಿಕ್ಕದೊಂದು ವಾಕ್ಯದಲ್ಲಿ: ದಂತವೈದ್ಯರೂ ಅಲ್ಲದ, ವೈದ್ಯರೂ ಅಲ್ಲದ, ಹಲ್ಲಿನ ಗಾರೆ ತೆಗೆಯುವ, ತೊಳೆಯುವ, ಹೊಳಪು ಕೊಡುವ ಅಥವಾ ಹಲ್ಲಿನ ಶುಚಿತ್ವ ಹೇಳಿಕೊಡುವ ವ್ಯಕ್ತಿ. ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯ 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಈ ಕೆಲಸ ಕಲಿಸಿ, 1913ರಲ್ಲಿ ಇದಕ್ಕೇ ಒಂದು ಶಾಲೆ ತೆರೆದ. ಅಲ್ಲಿ ಇದು ದೊಡ್ಡ ವೃತ್ತಿ. ನಮ್ಮಲ್ಲಿ ಹಲ್ಲು ಕ್ಲೀನ್ ಮಾಡುವವರು ಬಹುಪಾಲು ದಂತವೈದ್ಯರೇ, ಹಾಗಾಗಿ ನಮ್ಮನ್ನು ಕಂಡರೆ ರೋಗಿಗಳು ಮೊದಲು ಕೇಳುವುದು "ಡಾಕ್ಟ್ರು ಎಲ್ಲಿ?"

ರಾಮಣ್ಣನ ನಂತರ ನಾವು ಒಬ್ಬರಿಗೊಬ್ಬರು ಮಾಡಿಕೊಂಡೆವು. ಇದನ್ನು ಯಾರು ಯೋಚಿಸಿದರೋ, ಅವರಿಗೆ ನಮಸ್ಕಾರ. ನನ್ನ ಗೆಳತಿ ನನ್ನ ಕೆಳದವಡೆಯ ಒಸಡಿಗೆ ಗಾರೆ ಕೆರೆಯುವ ಸ್ಕೇಲರ್ ಜಾರಿಸಿದಾಗಲೇ ಬೆರಳು ಊರಿಕೊಳ್ಳುವುದು ಅಂದರೆ ಏನು ಅಂತ ನನಗೆ ಅರ್ಥವಾದದ್ದು. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಿರಬೇಕು, ಉಪಕರಣ ಜಾರಿದರೆ ಕೈಯೆಲ್ಲ ಜಾರಬಾರದು. ಒಸಡಿನ ಸಂದಿನ ಆಳ ಅಳೆಯುವ ಪ್ರೋಬ್ ಅನ್ನು ಒತ್ತಬೇಕಾದದ್ದು ಸುಮಾರು 25 ಗ್ರಾಂ ಭಾರದಷ್ಟು. ಅದು ಎಷ್ಟು ಅಂತ ಹೇಳಿದರೆ ತಿಳಿಯುವುದಿಲ್ಲ. ನಮ್ಮ ಮೇಡಂ ಒಂದು ದಿನ ಮನೆಯಿಂದ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಮೇಜಿನ ಮೇಲಿಟ್ಟು, ಒಬ್ಬೊಬ್ಬರನ್ನೇ ಕರೆದು ಪ್ರೋಬಿನ ತುದಿಯಿಂದ ಒತ್ತಿಸಿದರು. ನನ್ನದು 70 ತೋರಿಸಿತು. "ಒಸಡು ಅಳೀತಿದ್ದೀಯೋ, ಬಾವಿ ತೋಡ್ತಿದ್ದೀಯೋ?" ಅಂದರು. ಮಧ್ಯಾಹ್ನವೆಲ್ಲ ಆ ತಕ್ಕಡಿ ಬಿಟ್ಟು ಏಳಲಿಲ್ಲ.

ಮೊದಲ ಪೇಶೆಂಟ್ ಹರಿಹರದ ಒಬ್ಬ ಆಟೋ ಅಣ್ಣ. ಓಪಿಯಿಂದ ಚೀಟಿ ಹಿಡಿದು ಬಂದು ನನ್ನ ಚೇರಿನಲ್ಲಿ ಕೂತ. ಬಿಪಿ, ಶುಗರ್, ರಕ್ತ ತೆಳುವಾಗುವ ಮಾತ್ರೆ, ಎದೆಯಲ್ಲಿ ಪೇಸ್‌ಮೇಕರ್, ಎಲ್ಲವನ್ನೂ ಕೇಸ್ ಶೀಟ್ ನೋಡಿಕೊಂಡು ಗಿಳಿಯಂತೆ ಕೇಳಿದೆ. ಯಾವುದೂ ಇರಲಿಲ್ಲ. ಅಲ್ಟ್ರಾಸಾನಿಕ್ ಸ್ಕೇಲರ್ ಹಚ್ಚಿದೆ. ಅದರ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಬಾರಿ ಅದುರುತ್ತದೆ, ಬಿಸಿ ಏರದಿರಲಿ ಅಂತ ನೀರು ಚಿಮ್ಮುತ್ತಲೇ ಇರುತ್ತದೆ. ಆ ನೀರು, ಜೊಲ್ಲು, ರಕ್ತ ಎಲ್ಲ ಸೇರಿ ಕನ್ನಡಿಗೆ ಬಡಿದು ನನಗೆ ಕಾಣುತ್ತಿದ್ದದ್ದು ಬರೀ ಮಂಜು. ಮಾಸ್ಕಿನೊಳಗೆ ನನ್ನ ಉಸಿರು ನನ್ನ ಕನ್ನಡಕವನ್ನೇ ಮಸುಕು ಮಾಡಿತು. ಕೆಳದವಡೆ ಒಂದಕ್ಕೇ ಒಂದೂಮುಕ್ಕಾಲು ಗಂಟೆ. ಅಣ್ಣ ಎರಡು ಸಲ ಓಕರಿಸಿದ, ಮೂರು ಸಲ ಉಗುಳಲು ಎದ್ದ. ಕೊನೆಗೆ ಗೋಡೆ ಗಡಿಯಾರ ನೋಡಿ, "ತಂಗೀ, ಮೇಲಿನ ಹಲ್ಲು ಇವತ್ತೇ ಅಂದ್ರೆ ಮನೀಗೆ ಫೋನ್ ಮಾಡಿ ರಾತ್ರಿ ಊಟಕ್ಕೆ ಬರಲ್ಲ ಅಂತ ಹೇಳಿಬಿಡ್ತೀನಿ" ಅಂದ. ಮೇಲಿನ ಹಲ್ಲಿಗೆ ಅವನು ಮತ್ತೆ ಬರಲಿಲ್ಲ. ಬೇರೆ ಯಾರ ಚೇರಿಗಾದರೂ ಹೋದನೇನೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆಮೇಲೆ ವೇಗ ಬಂತು. ಇಷ್ಟು ಪೇಶೆಂಟ್ ಆಗಬೇಕು ಅನ್ನುವ ಕೋಟಾ ಮುಗಿಸುವ ಅವಸರ ಇದ್ದೇ ಇರುತ್ತದೆ. ಗ್ರೇಸಿ ಕ್ಯೂರೆಟ್ ಅನ್ನುವ ಕೆರೆಯುವ ಉಪಕರಣಗಳಲ್ಲಿ 11-12 ನಂಬರಿನದು ದವಡೆ ಹಲ್ಲಿನ ಮುಂಬದಿಗೆ, 13-14 ಹಿಂಬದಿಗೆ ಅನ್ನುವುದು ನಿದ್ದೆಯಲ್ಲೂ ಬರುವಂತಾಯಿತು. ಒಸಡಿನ ಕೆಳಗಿನ ಗಾರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ಎಕ್ಸ್‌ಪ್ಲೋರರ್ ಅನ್ನುವ ಸೂಜಿಯಂಥ ಉಪಕರಣವನ್ನು ಹಗುರವಾಗಿ ಹಿಡಿದು ಬೇರಿನ ಮೇಲೆ ಎಳೆದರೆ, ಅಕ್ಕಿಯಲ್ಲಿ ಕೈಯಾಡಿಸುವಾಗ ಕಲ್ಲು ಸಿಕ್ಕ ಹಾಗೆ ಟಕ್ ಅನ್ನುತ್ತದೆ. ಬಿಗಿಯಾಗಿ ಹಿಡಿದರೆ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಅಮ್ಮನ ಜೊತೆ ಅಕ್ಕಿ ಆರಿಸಿದ ಅಭ್ಯಾಸ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇಲ್ಲೇ.

ಹೀಗೆ ಕೈ ಓಡುತ್ತಿದ್ದ ಕಾಲಕ್ಕೇ ಆ ಯಜ್ಜ ಬಂದದ್ದು.

ವಯಸ್ಸು ಅರವತ್ತರ ಮೇಲೆ. ಗಾರೆ ಕೆಲಸ. ಬೆರಳ ಸಂದಿಯಲ್ಲಿ ಸಿಮೆಂಟಿನ ಬಿಳಿ ಇನ್ನೂ ಇತ್ತು. ಕೆಳಗಿನ ಮುಂದಿನ ಆರು ಹಲ್ಲಿನ ಹಿಂದೆ, ನಾಲಿಗೆ ಕಡೆ, ಒಂದು ಕಟ್ಟೆಯೇ ಕಟ್ಟಿತ್ತು. ಹಲ್ಲು ಬೇರೆ ಬೇರೆ ಅಂತ ಕಾಣುತ್ತಲೇ ಇರಲಿಲ್ಲ, ಹಳದಿ ಮಿಶ್ರಿತ ಕಂದು ಬಣ್ಣದ ಒಂದೇ ದಿಂಡು. ಆ ಜಾಗದಲ್ಲಿ ಗಾರೆ ಹೆಚ್ಚು ಕಟ್ಟುವುದಕ್ಕೆ ಕಾರಣ ಇದೆ: ನಾಲಿಗೆಯ ಅಡಿಯಲ್ಲೇ ಜೊಲ್ಲಿನ ನಾಳ ತೆರೆದುಕೊಳ್ಳುತ್ತದೆ, ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಮೇಲಿನ ಪಾಚಿಗೆ ಇಳಿದು ಎರಡು ವಾರದೊಳಗೆ ಅದನ್ನು ಕಲ್ಲು ಮಾಡಬಲ್ಲದು. ಯಜ್ಜನದು ಎರಡು ವಾರದ್ದಲ್ಲ, ಇಪ್ಪತ್ತು ವರ್ಷದ್ದಿರಬೇಕು. ಎಲೆ ಅಡಿಕೆ, ಜೊತೆಗೆ ಬೀಡಿ.

ಅಂಥ ಬಾಯಿ ಸಿಕ್ಕರೆ ವಿದ್ಯಾರ್ಥಿಗೆ ಖುಷಿಯಾಗುತ್ತದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಪಕ್ಕದ ಚೇರಿನ ಹುಡುಗಿಯರು ಬಂದು ಇಣುಕಿ "ಲಕ್ಕಿ ಕಣೇ" ಅಂದು ಹೋದರು. ಎಕ್ಸ್‌ರೇಯಲ್ಲಿ ಮೂಳೆ ಬೇರಿನ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಕೇಸ್ ಶೀಟಿನಲ್ಲಿ ಅದನ್ನು ಬರೆದೂ ಇತ್ತು. ಯಜ್ಜನಿಗೆ ಪಿಜಿ ಡಾಕ್ಟರು ಹೇಳಿರುತ್ತಾರೆ ಅಂತ ನಾನು ಅಂದುಕೊಂಡೆ. ನಾನು ಹೇಳುತ್ತೇನೆ ಅಂತ ಅವರು ಅಂದುಕೊಂಡರು. ಯಾರೂ ಹೇಳಲಿಲ್ಲ.

ಸ್ಕೇಲರ್ ಹಚ್ಚಿದ ಐದು ನಿಮಿಷಕ್ಕೆ ದಿಂಡಿನ ಒಂದು ತುಂಡು ಹಾಗೇ ಕಳಚಿ ನಾಲಿಗೆ ಮೇಲೆ ಬಿತ್ತು. ಯಜ್ಜ ಅದನ್ನು ಅಂಗೈಗೆ ಉಗುಳಿಕೊಂಡು, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದರು. ಏನೂ ಅನ್ನಲಿಲ್ಲ. ಒಂದು ಗಂಟೆಯಲ್ಲಿ ಆರೂ ಹಲ್ಲು ಬಿಡಿಬಿಡಿಯಾಗಿ ಕಂಡವು. ಫೋಟೋ ತೆಗೆದುಕೊಂಡೆ, ಮುಂಚಿನದು ಒಂದು, ಆಮೇಲಿನದು ಒಂದು. ಮೇಡಂ ಸಹಿ ಹಾಕಿದರು. ಉಪ್ಪು ನೀರು ಮುಕ್ಕಳಿಸಲು ಹೇಳಿ ಕಳಿಸಿದೆ.

ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಯಜ್ಜ ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡವರೇ ದನಿ ಎತ್ತಿದರು.

"ಯವ್ವಾ, ನೀ ಕೆರೆದಿದ್ದು ಗಾರೆನೋ, ನನ್ನ ಹಲ್ಲೋ? ನೋಡಿಲ್ಲಿ, ಐದು ಸಂದು ಬಿದ್ದಾವು. ನೀರು ಕುಡುದ್ರೆ ಜುಂ ಅಂತತಿ. ಮಾತಾಡಿದ್ರೆ ಸೀಟಿ ಬರತತಿ. ಹಲ್ಲು ಅಳ್ಳಾಡ್ತಾವು. ಕೆಲಸದ ಹುಡುಗ್ರು ನಗ್ತಾರೆ."

ನಿಜವಾಗಿಯೂ ಸೀಟಿ ಬರುತ್ತಿತ್ತು. 'ಸಂದು' ಅನ್ನುವಾಗಲೇ ಬಂತು. ನಾನು ಪಾಠ ಒಪ್ಪಿಸಲು ಶುರು ಮಾಡಿದೆ: ಗಾರೆಯಿಂದ ಒಸಡು ಊದಿತ್ತು, ಊತ ಇಳಿದು ಒಸಡು ಕೆಳಗೆ ಕೂತಿತು, ಮೂಳೆ ಮೊದಲೇ ಕರಗಿತ್ತು, ಸಂದು ಮೊದಲೇ ಇತ್ತು, ಗಾರೆ ಅದನ್ನು ತುಂಬಿತ್ತು ಅಷ್ಟೇ. ಒಂದೊಂದು ಮಾತೂ ನಿಜ. ಆದರೆ ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ತಪ್ಪು ಮುಚ್ಚಿಕೊಳ್ಳುವವರ ಮಾತಿನಂತೆ ಕೇಳಿಸಿತು. ಹೊರಗೆ ಬೆಂಚಿನ ಮೇಲೆ ಸರದಿಯಲ್ಲಿದ್ದ ಇಬ್ಬರು ಎದ್ದು ಹೋದರು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಅಂತ ಊರೆಲ್ಲ ಹೇಳುವುದಕ್ಕೆ ಅವರಿಗೆ ಕಣ್ಣೆದುರೇ ಸಾಕ್ಷಿ ಸಿಕ್ಕಿತ್ತು.

ಮೇಡಂ ಬಂದು ಯಜ್ಜನನ್ನು ಕೂರಿಸಿದರು, ನೀರು ಕೊಡಿಸಿದರು, ತಣ್ಣೀರಲ್ಲ. ಎಕ್ಸ್‌ರೇ ತರಿಸಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, "ಇದು ಹಲ್ಲು, ಇದು ಮೂಳೆ. ಮೂಳೆ ಇಲ್ಲೀತನಕ ಇರಬೇಕಿತ್ತು, ಇಲ್ಲಿಗೆ ಇಳಿದಿದೆ" ಅಂದರು. ಯಜ್ಜ ಬಹಳ ಹೊತ್ತು ನೋಡಿದರು.

"ಅಂದ್ರೆ ಗ್ವಾಡಿ ಬಿದ್ದು ಹೋಗಿತ್ತು. ಗಾರೆ ಹಿಡಕಂಡು ನಿಂತಿತ್ತು."

"ಹೌದು ಯಜಮಾನ್ರೇ, ಅಷ್ಟೇ."

ಯಜ್ಜ ನನ್ನ ಕಡೆ ತಿರುಗಿದರು. ಸಿಟ್ಟು ಇಳಿದಿತ್ತು, ಅದಕ್ಕಿಂತ ಕಷ್ಟವಾದದ್ದು ಬಂದಿತ್ತು, ಕೆಲಸದವರು ಕೆಲಸದವರಿಗೆ ಹೇಳುವ ದನಿ. "ಹಳೇ ಮನಿ ಗಾರೆ ಕೆಡವಾಕೆ ಹೋದ್ರೆ ನಾವು ಮೊದ್ಲು ಕರಣೆ ಹಿಡೀಲಾರದ ಬಡದು ನೋಡ್ತೀವಿ. ಪೊಳ್ಳು ಸದ್ದು ಬಂದ್ರೆ ಮನಿಯವನ್ನ ಕರದು, ಒಳಗ ಗ್ವಾಡಿ ಇಲ್ಲಪ್ಪ, ಕೆಡವಿದ್ರೆ ಹಿಂಗ ಹಿಂಗ ಆಗ್ತತಿ, ಕೆಡವ್ಲಾ ಬ್ಯಾಡ ಅಂತ ಕೇಳ್ತೀವಿ. ಕೇಳದ ಕೆಡವಿದ್ರೆ, ಬಿದ್ದ ಗ್ವಾಡಿ ನಮ್ಮ ಲೆಕ್ಕಕ್ಕ ಬರತತಿ."

ನಾನು ತಲೆ ಎತ್ತಲಿಲ್ಲ. ಜುಂ ಅನ್ನುವುದಕ್ಕೆ ಬೇರೆ ಪೇಸ್ಟ್ ಬರೆದುಕೊಟ್ಟರು, ಅಳ್ಳಾಡುವ ಹಲ್ಲುಗಳನ್ನು ತಂತಿ ಹಾಕಿ ಒಂದಕ್ಕೊಂದು ಹಿಡಿಸಲು ಪಿಜಿ ಸರ್ ಹತ್ತಿರ ಕಳಿಸಿದರು. ಅದಾದ ಮೇಲೆ ನನ್ನ ಚೇರಿನಲ್ಲಿ ಕೂತ ಯಾರಿಗೇ ಆಗಲಿ, ಮೊದಲು ಕೈಗೆ ಮುಖ ನೋಡುವ ಕನ್ನಡಿ ಕೊಡುತ್ತಿದ್ದೆ. ಎಲ್ಲಿ ಗಾರೆ ಇದೆ, ತೆಗೆದರೆ ಎಲ್ಲಿ ಸಂದು ಕಾಣುತ್ತದೆ, ಎಷ್ಟು ದಿನ ಜುಂ ಅನ್ನಬಹುದು. ಕೇಳಿ ಎದ್ದು ಹೋದವರೂ ಇದ್ದಾರೆ. ನನ್ನ ಕೋಟಾ ನಿಧಾನವಾಯಿತು.

ಹೀಗೆ ಮೊದಲೇ ಹೇಳುವ ಅಭ್ಯಾಸ ಇದ್ದರೂ ಹೇಳಲು ಬಾಯಿ ಬರದ ಸಂದರ್ಭಗಳು ಬಂದವು. ಜಗಳೂರು ಕಡೆಯ ಒಬ್ಬ ಹುಡುಗಿ, ಮದುವೆಗೆ ಮೂರು ವಾರ. ಮೇಲಿನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ. ಅವಳಮ್ಮ, "ಎಷ್ಟು ಉಜ್ಜಿದ್ರೂ ಹೋಗವಲ್ದು, ಸೋಮಾರಿ ಅಂತ ನಾನೇ ಬೈದೀನಿ" ಅಂದರು. ಅದು ಉಜ್ಜಿದರೆ ಹೋಗುವ ಕರೆಯಲ್ಲ. ಆ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವ ಮಿತಿ ಇದೆ. ಮೀರಿದ ನೀರನ್ನು ಚಿಕ್ಕಂದಿನಲ್ಲಿ ಕುಡಿದರೆ ಹಲ್ಲು ಇನ್ನೂ ದವಡೆಯೊಳಗೆ ಇರುವಾಗಲೇ ಅದರ ಹೊರಪದರ ಕೆಡುತ್ತದೆ, ಬಣ್ಣ ಆಮೇಲೆ ಹತ್ತುತ್ತದೆ. ಮಗಳ ತಪ್ಪು ಅದರಲ್ಲಿ ಏನೂ ಇಲ್ಲ. ಇದನ್ನು ಹೇಳಿದಾಗ ತಾಯಿ ಮಗಳ ಮುಖ ನೋಡಿದರು, ಮಗಳು ಕಿಟಕಿ ನೋಡುತ್ತಿದ್ದಳು. ನನ್ನ ಕೈಲಾಗುವುದು ಸ್ಕೇಲಿಂಗ್ ಮಾತ್ರ, ಆ ಹಲ್ಲಿಗೆ ಬೇಕಾದದ್ದು ಬೇರೆ ವಿಭಾಗದ ಕೆಲಸ. ಚೀಟಿ ಬರೆದುಕೊಟ್ಟೆ.

ಇನ್ನೊಬ್ಬ ಚನ್ನಗಿರಿ ಕಡೆಯ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನಿರಬೇಕು. ಹಲ್ಲು ಕೆಂಪಾಗಿದೆ, ಕ್ಲೀನ್ ಮಾಡಿ ಅಂತ ಬಂದಿದ್ದ. ಬಾಯಿ ತೆಗೆಯಿರಿ ಅಂದೆ, ತೆಗೆದ. ಇನ್ನೂ ಸ್ವಲ್ಪ ಅಂದೆ. "ಇಷ್ಟೇ ಅಕ್ಕಾ" ಅಂದ. ಅವನದೇ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಾಕಲು ಹೇಳಿದೆ. ಸಾಮಾನ್ಯವಾಗಿ ಮೂರು ಹಿಡಿಸಬೇಕು. ಒಂದೂವರೆ ಹೋಯಿತು. ನನ್ನ ಕನ್ನಡಿ ಅಡ್ಡಲಾಗಿ ಒಳಗೆ ತಿರುಗಲಿಲ್ಲ. ಕೆನ್ನೆಯ ಒಳಭಾಗ ಬಿಳುಚಿಕೊಂಡು, ಮುಟ್ಟಿದರೆ ಹಗ್ಗದಂಥ ಗೆರೆಗಳು. ಖಾರ ತಿಂದರೆ ಉರಿಯುತ್ತದೆಯೇ ಅಂತ ಕೇಳಿದೆ. ಸಾರು ಬಿಟ್ಟು ಮೊಸರನ್ನ ತಿನ್ನಲು ಶುರು ಮಾಡಿ ಒಂದು ವರ್ಷವಾಯಿತಂತೆ. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ, ಕೊಂಡವನೇ ಬೆರೆಸಿಕೊಳ್ಳುತ್ತಾನೆ. ತಂಬಾಕು ಬಿಟ್ಟೆ, ಬರೀ ಅಡಿಕೆ ಹಾಕುತ್ತೇನೆ ಅಂದ, ಹೆಮ್ಮೆಯಿಂದ. ಬಾಯಿ ಬಿಗಿಯುವ ಈ ಕಾಯಿಲೆಗೆ ಅಡಿಕೆಯೇ ಸಾಕು. ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಪ್ಪತ್ತು ವರ್ಷದ ಹಿಂದೆಯೇ ಪಟ್ಟಿಗೆ ಸೇರಿಸಿದೆ.

ಇದನ್ನು ಅವನಿಗೆ ಹೇಳುವಾಗ ನನ್ನ ಗಂಟಲು ಒಣಗಿತು. ನಮ್ಮ ಮನೆಯಲ್ಲೂ ಮುಕ್ಕಾಲು ಎಕರೆ ಅಡಿಕೆ ಇದೆ. ನನ್ನ ಫೀಸು ಕಟ್ಟಿದ್ದು ಅದರಿಂದ. ಸುಲಿಯುವ ಕಾಲಕ್ಕೆ ರಜೆ ಹಾಕಿ ಹೋಗಿ ಅಮ್ಮನ ಜೊತೆ ಕೂರುತ್ತೇನೆ. ಅವನಿಗೆ ಸ್ಕೇಲಿಂಗ್ ಮಾಡಲಿಲ್ಲ, ಕೈಹಿಡಿದು ಓರಲ್ ಮೆಡಿಸಿನ್ ವಿಭಾಗದ ಬಾಗಿಲ ತನಕ ಬಿಟ್ಟು ಬಂದೆ. ಆ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪ ಈ ಸಲದ ರೇಟು ಹೇಳಿದರು. ಒಳ್ಳೇ ರೇಟೇ ಇತ್ತು. ನಾನು ಒಳ್ಳೇದಾಯ್ತು ಅಂದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ಪೇಶೆಂಟನ್ನು ನಾವೇ ಹೊಂದಿಸಿಕೊಳ್ಳಬೇಕು. ಅದಕ್ಕಾಗಿ ವಿದ್ಯಾರ್ಥಿಗಳು ಬಸ್ ಚಾರ್ಜು ಕೊಡುತ್ತಾರೆ, ತಿಂಡಿ ಕೊಡಿಸುತ್ತಾರೆ, ಹಿಂದಿನ ರಾತ್ರಿ ಮೂರು ಸಲ ಫೋನ್ ಮಾಡುತ್ತಾರೆ. ಸಾಕಷ್ಟು ಗಾರೆ ಇರಬೇಕು, ಹಲ್ಲು ಅಳ್ಳಾಡಬಾರದು, ಶುಗರ್ ಇರಬಾರದು. ವರ ಹುಡುಕಿದ ಹಾಗೆಯೇ. ನಾನು ಗೊತ್ತು ಮಾಡಿಕೊಂಡಿದ್ದ ಬೇಕರಿ ಹುಡುಗ ಹಿಂದಿನ ಸಂಜೆ ಫೋನ್ ತೆಗೆಯುವುದನ್ನೇ ಬಿಟ್ಟ. ಎಂಟು ಗಂಟೆಗೆ ಹಳೇ ಕೇಸ್ ಶೀಟಿನ ನಂಬರುಗಳಿಗೆಲ್ಲ ಫೋನ್ ಹಚ್ಚುತ್ತಾ ಕೂತೆ. ಯಜ್ಜನ ನಂಬರೂ ಅದರಲ್ಲಿತ್ತು. ಬೇಡ ಅಂದುಕೊಂಡೇ ಒತ್ತಿದೆ.

"ನನ್ನ ಬಾಯಾಗ ಏನೈತಿ ಯವ್ವಾ ಕೆರಿಯಾಕೆ? ಎಲ್ಲಾ ಕೆರದೀಯಲ್ಲ." ತಂತಿ ಹಾಕಿಸಿಕೊಂಡ ಮೇಲೆ ಸೀಟಿ ಕಡಿಮೆಯಾಗಿತ್ತು. ಆಮೇಲೆ ಯಾರ ಜೊತೆಯೋ ಮಾತಾಡಿದ್ದು ಕೇಳಿಸಿತು. "ನಮ್ಮಕೀನ ಕರಕಂಡು ಬರ್ತೀನಿ. ಎಷ್ಟು ಗಂಟೀಗೆ?"

ಬೆಳಿಗ್ಗೆ ಎಂಟೂವರೆಗೇ ಇಬ್ಬರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಅಜ್ಜಿ ರೇಷ್ಮೆ ಅಂಚಿನ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಹಬ್ಬಕ್ಕೆ ಬಂದ ಹಾಗೆ ಬಂದಿದ್ದರು. ಬಿಪಿ ನೋಡಿದೆ, ಶುಗರ್ ನೋಡಿಸಿದೆ, ಎರಡೂ ಸರಿ. ಪ್ರೋಬ್ ಹಾಕಿ ಅಳೆದೆ. ಮೂರು, ಮೂರು, ಎರಡು, ಒಂದು ಕಡೆ ನಾಲ್ಕು. ಮೂರು ಮಿಲಿಮೀಟರ್ ತನಕ ಚಿಂತೆಯಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಕ್ಕದ ಚೇರಿನಲ್ಲಿ ಪ್ರಶ್ನೆ ಕೇಳುತ್ತಿದ್ದರು, ನನ್ನ ಕಡೆ ಒಮ್ಮೆ ನೋಡಿ ಗಡಿಯಾರ ನೋಡಿದರು. ಉಳಿದವರ ಸ್ಕೇಲರ್‌ಗಳೆಲ್ಲ ಕೂಗಲು ಶುರುವಾಗಿದ್ದವು. ನಾನು ಅಜ್ಜಿಯ ಕೈಗೆ ಕನ್ನಡಿ ಕೊಟ್ಟೆ.

ಅಜ್ಜಿ ಮೊದಲು ಹೂ ಸರಿ ಮಾಡಿಕೊಂಡರು. ಆಮೇಲೆ ಬಾಯಿ ತೆಗೆದು ನೋಡಿ, "ಇವರಿಗೆ ಬಿದ್ದಂಗ ನನಗೂ ಸಂದು ಬೀಳ್ತಾವೇನು?" ಅಂದರು.

"ಅಷ್ಟು ಬೀಳಲ್ಲ ಅಜ್ಜಿ. ಒಳಗೆ ಮೂಳೆ ಚೆನ್ನಾಗಿದೆ. ಆದ್ರೆ ಇಲ್ಲಿ, ಈ ಎರಡು ಹಲ್ಲಿನ ನಡುವೆ, ಒಂದು ಸಣ್ಣದು ಕಾಣುತ್ತೆ. ಒಂದು ವಾರ ತಣ್ಣೀರು ಜುಂ ಅನ್ನಬಹುದು."

ಅಜ್ಜಿ ಬಾಗಿಲ ಕಡೆ ನೋಡಿದರು. ಗಾಜಿನ ಆಚೆ ಯಜ್ಜ ಕುತ್ತಿಗೆ ಉದ್ದ ಮಾಡಿ ನಿಂತಿದ್ದರು. ಕನ್ನಡಿಯನ್ನು ಮಡಿಲಿಗೆ ಇಟ್ಟುಕೊಂಡು, ತಲೆ ಹಿಂದಕ್ಕೆ ಒರಗಿಸಿ, ಬಾಯಿ ತೆಗೆಯುವ ಮುಂಚೆ ಅಜ್ಜಿ ಅಂದರು:

"ಸರಿ, ಕೆಡವು ಹಂಗಾದ್ರೆ."